ಕೆಂಪು ಬುಶ್ ಹಾಕಿದ ಹನ್ನೆರಡು ಜೀಪುಗಳು

ಶಿರಸಿಯಲ್ಲಿ ವಾಹನದ ಬಿಡಿಭಾಗ ಮಾರುವ ಅಂಗಡಿಯೊಂದರ ಕೌಂಟರಿನ ಹಿಂದೆ ಮೂವತ್ತೊಂದು ವರ್ಷ ನಿಂತೆ. ನಿಂತೆ ಎಂಬುದು ನಿಜವಾದ ಮಾತು. ಕೂರಲು ಒಂದು ಸ್ಟೂಲು ಇತ್ತು, ಅದರ ಮೇಲೆ ಯಾವಾಗಲೂ ಒಬ್ಬ ಗಿರಾಕಿ ಕೂತು ತನ್ನ ಜೀಪಿನ ಕಷ್ಟ ಹೇಳಿಕೊಳ್ಳುತ್ತಿದ್ದ. ನಿವೃತ್ತನಾಗಿ ಎರಡು ವರ್ಷವಾಯಿತು. ಈಗ ಆ ಕೌಂಟರಿಗೆ ಬಂದಿರುವ ಹೊಸಬರು ಮೊನ್ನೆ ಫೋನ್ ಮಾಡಿ, ಜೀಪಿನ ಅಡಿಯ ಆರ್ಮು, ಬುಶ್ಶು, ಜಾಯಿಂಟುಗಳ ಬಗ್ಗೆ ಗೊತ್ತಿರುವುದನ್ನೆಲ್ಲ ಬರೆದುಕೊಡಿ ಎಂದರು. ಗೊತ್ತಿರುವುದನ್ನು ಬರೆದರೆ ಒಂದು ಪುಟವಾದೀತು. ಗೊತ್ತಿದೆ ಎಂದುಕೊಂಡಿದ್ದನ್ನು ಬರೆದರೆ ಉದ್ದವಾಗುತ್ತದೆ. ಅದನ್ನೇ ಬರೆಯುತ್ತಿದ್ದೇನೆ.

ಚಕ್ರವನ್ನು ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಹಿಡಿದಿಡುವ ಕಬ್ಬಿಣದ ತೋಳಿಗೆ ನಾವು ಆರ್ಮ್ ಎನ್ನುತ್ತೇವೆ. ಚಕ್ರ ಹೊಂಡಕ್ಕಿಳಿದಾಗ, ಕಲ್ಲು ಹತ್ತಿದಾಗ ಈ ತೋಳು ಆಡಬೇಕು. ಆಡುವಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜಬಾರದು. ಅದಕ್ಕೆ ಚಾಸಿಯ ಕಡೆಯ ತುದಿಯಲ್ಲಿ ರಬ್ಬರಿನ ದಪ್ಪ ಉರುಳೆಯೊಂದು ಇರುತ್ತದೆ, ಅದು ಬುಶ್. ಮುಂದಿನ ಚಕ್ರದ ಕಡೆಯ ತುದಿಯಲ್ಲಿ ಬಟ್ಟಲೊಳಗೆ ಗುಂಡು ಕೂತ ಹಾಗೆ ಇರುವುದು ಬಾಲ್ ಜಾಯಿಂಟ್. ನಮ್ಮ ಭುಜದ ಕೀಲಿನಂತೆ ಎಲ್ಲ ಕಡೆಗೂ ಹೊರಳುತ್ತದೆ. ಡಾಂಬರು ರಸ್ತೆಯಲ್ಲೇ ಓಡಾಡುವವರಿಗೆ ಇವು ಇರುವುದೇ ಗೊತ್ತಾಗದೆ ವರ್ಷಗಳು ಕಳೆಯುತ್ತವೆ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಜೀಪುಗಳಿಗೆ ಆ ಪುಣ್ಯವಿಲ್ಲ. ಡಾಂಬರು ಮುಗಿದ ಮೇಲೆ ಮಣ್ಣು ರಸ್ತೆ, ಮಣ್ಣು ರಸ್ತೆ ಮುಗಿದ ಮೇಲೆ ಹಳ್ಳ, ಹಳ್ಳ ದಾಟಿದ ಮೇಲೆ ‘ಇನ್ನು ಸ್ವಲ್ಪವೇ ದೂರ’ ಎಂದು ಮನೆಯವರು ಹೇಳುವ ಏರು.

ಗಿರಾಕಿಗಳು ಗಾಡಿಯ ಕಾಯಿಲೆಯನ್ನು ಸದ್ದಿನಲ್ಲೇ ಹೇಳುತ್ತಾರೆ. ನಾನು ನೋಟುಪುಸ್ತಕವೊಂದರಲ್ಲಿ ಸದ್ದುಗಳ ಪಟ್ಟಿ ಮಾಡಿದ್ದೆ. ಹೊಂಡಕ್ಕಿಳಿದಾಗ ‘ಟಕ್’ ಎಂದರೆ ಬಾಲ್ ಜಾಯಿಂಟ್. ಬ್ರೇಕ್ ಒತ್ತಿದಾಗ ‘ದಡ್’ ಎಂದರೆ ಆರ್ಮಿನ ಬುಶ್. ‘ಗಡಗಡ’ ಎಂದರೆ ಆತ ರಸ್ತೆಯ ಬಗ್ಗೆ ಹೇಳುತ್ತಿದ್ದಾನೆ, ಗಾಡಿಯ ಬಗ್ಗೆ ಅಲ್ಲ. ಸಿದ್ದಾಪುರದ ಒಬ್ಬರು ಫೋನಿನಲ್ಲಿ ಬಾಯಿಯಿಂದಲೇ ಸದ್ದು ಮಾಡಿ ತೋರಿಸುತ್ತಿದ್ದಾಗ ಅವರ ಮನೆಯಾಕೆ ಗಾಬರಿಯಿಂದ ಓಡಿಬಂದು ಬೆನ್ನು ನೀವಿದ್ದು ನನಗೆ ಕೇಳಿಸಿತ್ತು. ಈಗ ಎಲ್ಲರೂ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ. ಕೆಸರು ಮೆತ್ತಿದ ಕಪ್ಪು ವಸ್ತು, ಕೆಳಗೆ ‘ಇದು ಉಂಟಾ?’ ಎಂಬ ಪ್ರಶ್ನೆ. ಸದ್ದೇ ವಾಸಿ ಇತ್ತು.

ನನ್ನ ಯಜಮಾನರು ಇಸ್ಮಾಯಿಲ್ ಸಾಹೇಬರು. ಅಪ್ಪನ ಕಾಲದಿಂದ ಲಾರಿ ಬಸ್ಸುಗಳ ನಡುವೆ ಬೆಳೆದವರು. ನಾನು ಫಿಸಿಕ್ಸ್ ತೆಗೆದುಕೊಂಡು ಬಿಎಸ್ಸಿ ಮಾಡಿದವನು, ಕೇಳದಿದ್ದರೂ ವಿವರಿಸುವ ಚಟದವನು. ಸೇರಿದ ವಾರದಲ್ಲೇ ಅವರು ನನಗೆ ‘ಮಾಸ್ತರ್’ ಎಂದು ಹೆಸರಿಟ್ಟರು. ಶಾಲೆಯ ಮೆಟ್ಟಿಲು ಹತ್ತದೆ ಮಾಸ್ತರನಾದೆ. ಸಾಹೇಬರು ರಬ್ಬರ್ ಬುಶ್ ಆರಿಸುವ ಕ್ರಮ ಸರಳವಾಗಿತ್ತು. ಹೆಬ್ಬೆರಳ ಉಗುರು ಒತ್ತುವರು, ಗುರುತು ಎಷ್ಟು ಬೇಗ ಮಾಯವಾಗುತ್ತದೆ ನೋಡುವರು, ಆಮೇಲೆ ಮೂಸುವರು. ಇದು ವಿಜ್ಞಾನವಲ್ಲ ಎಂದುಕೊಂಡ ನಾನು ಮೊದಲ ಸಂಬಳದಲ್ಲಿ ಒಂದು ವರ್ನಿಯರ್ ಕ್ಯಾಲಿಪರ್ ತಂದೆ.

ಅದರಿಂದ ಮಾಡಿದ ಮೊದಲ ಕೆಲಸವೇ ಎಡವಟ್ಟು. ಹಳೆಯ ಜೀಪೊಂದರಿಂದ ಹೊಡೆದು ತೆಗೆದ ಬುಶ್ಶನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಅಳೆದು, ಅದೇ ಅಳತೆಯಲ್ಲಿ ಒಂದು ಪೆಟ್ಟಿಗೆ ಬುಶ್ ತರಿಸಿದೆ. ಬಂದದ್ದರಲ್ಲಿ ಒಂದೂ ಆರ್ಮಿನ ತೂತಿನಲ್ಲಿ ನಿಲ್ಲಲಿಲ್ಲ. ಬೆರಳಿಂದ ತಳ್ಳಿದರೆ ಆಚೆ ಬೀಳುತ್ತಿತ್ತು. ಸುತ್ತಿಗೆಯ ಪೆಟ್ಟು ತಿಂದು ಹೊರಬಂದ ಬುಶ್ ಕುಗ್ಗಿರುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

"ಮಾಸ್ತರ್, ಸತ್ತವನ ಅಳತೆ ತಗೊಂಡು ಮದುವೆ ಅಂಗಿ ಹೊಲಿಸಿದ್ರಿ," ಎಂದರು ಸಾಹೇಬರು. "ಹಳೇ ಬುಶ್ ಅಳೀಬೇಡಿ. ಅದು ಕೂತಿತ್ತಲ್ಲ, ಆ ಮನೆ ಅಳೀರಿ."

ಹೊಸಬರೇ, ಇದನ್ನು ಬರೆದಿಟ್ಟುಕೊಳ್ಳಿ. ಸಾಹೇಬರ ಈ ಮಾತು ಯಾವ ಕ್ಯಾಟಲಾಗಿನಲ್ಲೂ ಇಲ್ಲ.

ಯಲ್ಲಾಪುರದಲ್ಲಿ ರಜಾಕ್ ಎಂಬ ಮೆಕ್ಯಾನಿಕ್ ಇದ್ದಾನೆ. ಜೀಪಿನ ಅಡಿಗೆ ಮಲಗಿದರೆ ಮನೆಯ ಮಂಚಕ್ಕಿಂತ ಸುಖವಾಗಿ ಮಲಗುವವನು. ಅವನು ಹಾಕಿದ ಬುಶ್‌ಗಳು ಎರಡೇ ತಿಂಗಳಲ್ಲಿ ಹರಿದು ಬರುತ್ತಿದ್ದವು, ಬೈಗುಳ ನನಗೆ. ಒಂದು ದಿನ ಅಲ್ಲಿಗೇ ಹೋಗಿ ನೋಡಿದೆ. ಗಾಡಿ ಜಾಕಿನ ಮೇಲೆ, ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿವೆ, ರಜಾಕ್ ಬೋಲ್ಟುಗಳನ್ನು ಮೈಬಲವೆಲ್ಲ ಹಾಕಿ ಬಿಗಿಯುತ್ತಿದ್ದಾನೆ. ಹಾಗೆ ಬಿಗಿದರೆ ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರು ತಿರುಚಿಕೊಂಡು ನಿಂತಿರುತ್ತದೆ.

"ರಜಾಕ್, ನಿನ್ನ ಕುತ್ತಿಗೆ ತಿರುಗಿಸಿ ಗೋಡೆಗೆ ಕಟ್ಟಿಹಾಕಿ, ಹಾಗೇ ಕೆಲಸ ಮಾಡು ಅಂದ್ರೆ ಎಷ್ಟು ದಿನ ಮಾಡ್ತೀಯ?"

"ಸಂಬಳ ಎಷ್ಟು ಕೊಡ್ತೀರಿ ಮಾಸ್ತರ್?" ಎಂದ ಅವನು ಅಡಿಯಿಂದಲೇ. ಆದರೆ ಅಂದಿನಿಂದ ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ, ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ ಕೊಡಲು ಶುರುಮಾಡಿದ. ಬುಶ್‌ಗಳ ಆಯುಷ್ಯ ಹೆಚ್ಚಿತು, ನಮ್ಮ ವ್ಯಾಪಾರ ಕಡಿಮೆಯಾಯಿತು. ಸಾಹೇಬರು ನನ್ನನ್ನು ಒಂದು ವಾರ ಬರೀ ಕಣ್ಣಿನಲ್ಲಿ ಮಾತಾಡಿಸಿದರು.

ಇನ್ನೊಬ್ಬರು ಕೋಲಸಿರ್ಸಿಯ ಮಂಜಪ್ಪ ನಾಯ್ಕರು. ಗದ್ದೆ ಇದ್ದವರು, ಜೀಪಿನ ಮೇಲೆ ಜೀವ ಇಟ್ಟವರು. ಅವರ ಬಾಲ್ ಜಾಯಿಂಟುಗಳು ಸತ್ತದ್ದು ಪ್ರೀತಿಯಿಂದ. ಪ್ರತಿ ಶನಿವಾರ ಗ್ರೀಸ್ ಗನ್ ಹಿಡಿದು, ಜಾಯಿಂಟು ಉಬ್ಬಿ ಅದರ ರಬ್ಬರ್ ಟೋಪಿ ಒಡೆದು ಗ್ರೀಸು ಹೊರಗೆ ಇಣುಕುವವರೆಗೂ ತುಂಬುತ್ತಿದ್ದರು. ಒಡೆದ ಟೋಪಿಯೊಳಗೆ ಹಳ್ಳದ ನೀರು ಮರಳು ಹೊಕ್ಕು, ಆರು ತಿಂಗಳಿಗೊಮ್ಮೆ ನನ್ನೆದುರು ಅಳು ಮುಖ.

"ನಾ ಎಂತಾ ಕಮ್ಮಿ ಮಾಡಿದ್ದೆ ಹೇಳಿ ಮಾಸ್ತರ್ರೆ? ವಾರ ತಪ್ಪದೆ ಗ್ರೀಸು."

"ನಾಯ್ಕರೆ, ಮನೆಯಲ್ಲಿ ಗಂಗಮ್ಮನವರು ನಿಮಗೆ ಹೀಗೆ ಬಡಿಸ್ತಾರಾ?"

"ಎಲ್ಲಿ ಮಾರಾಯ್ರೆ, ಎರಡನೇ ಸಲ ಅನ್ನ ಕೇಳಿದ್ರೆ ಹೊಟ್ಟೆ ನೋಡ್ತದೆ ಅದು."

"ಜಾಯಿಂಟಿಗೂ ಅಷ್ಟೇ ಬಡಿಸಿ."

ಇಲ್ಲಿಯವರೆಗಿನದೆಲ್ಲ ನಗುತ್ತಾ ಹೇಳಬಹುದಾದದ್ದು. ಮುಂದಿನದನ್ನೂ ನಗುತ್ತಲೇ ಹೇಳಲು ನೋಡುತ್ತೇನೆ.

ನಮ್ಮ ಸೀಮೆಯಲ್ಲಿ ಒಂದು ಪದ್ಧತಿ. ಮಳೆ ಹಿಡಿಯುವ ಮೊದಲು ಜೀಪುಗಳನ್ನು ಸರ್ವಿಸ್ ಸ್ಟೇಶನ್ನಿಗೆ ಒಯ್ದು, ಅಡಿಗೆಲ್ಲ ಇಂಜಿನ್ನಿನಿಂದ ತೆಗೆದ ಸುಟ್ಟ ಆಯಿಲ್ಲನ್ನು ಡೀಸೆಲ್ ಬೆರೆಸಿ ಹೊಡೆಸುತ್ತಾರೆ. ನಾಲ್ಕು ತಿಂಗಳ ಮಳೆಗೆ ಕಬ್ಬಿಣ ತುಕ್ಕು ಹಿಡಿಯಬಾರದಲ್ಲ. ಕಬ್ಬಿಣಕ್ಕೆ ಇದು ಒಳ್ಳೆಯದೇ. ರಬ್ಬರಿಗೆ ವಿಷ. ಆಯಿಲ್ ಕುಡಿದ ಬುಶ್ ಉಬ್ಬಿ, ಮೆತ್ತಗಾಗಿ, ದೀಪಾವಳಿಯ ಹೊತ್ತಿಗೆ ಹಲ್ವದಂತೆ ಬೆರಳಿಗೆ ಅಂಟುತ್ತದೆ. ಇದಕ್ಕೆ ಕಾರಣ ಕಂಡುಹಿಡಿಯಲು ಬಿಎಸ್ಸಿ ಓದಿದ ನನಗೆ ಐದು ವರ್ಷ ಬೇಕಾಯಿತು. ಅಲ್ಲಿಯವರೆಗೆ ತಯಾರಕರನ್ನು ಬೈದು ಪತ್ರ ಬರೆಯುತ್ತಿದ್ದೆ. ಕಾರಣ ಹೇಳಿದ ಮೇಲಾದರೂ ಜನ ಕೇಳಿದರೇ?

"ಚಾಸಿ ಹೋದ್ರೆ ನೀವು ಕೊಡ್ತ್ರಾ?" ಎಂದರು ಮಂಜಪ್ಪ ನಾಯ್ಕರು. "ಬುಶ್ಶಾದ್ರೆ ನಿಮ್ಮ ಹತ್ರ ಸಿಗ್ತದೆ."

ಅವರ ಮಾತಿನಲ್ಲಿ ನ್ಯಾಯವಿತ್ತು. ಆದ್ದರಿಂದ ನಾನು ಆಯಿಲ್ಲಿಗೆ ಬಗ್ಗದ ಬುಶ್ ಹುಡುಕಿದೆ. ಸಿಕ್ಕಿತು: ಪಿಯು, ಅಂದರೆ ಪಾಲಿಯುರೆಥೇನ್ ಬುಶ್. ಗಟ್ಟಿ ಪ್ಲಾಸ್ಟಿಕ್ಕಿನಂಥದು, ಕುಂಕುಮದಂಥ ಕೆಂಪು. ಸುಟ್ಟ ಆಯಿಲ್ಲಿನ ಡಬ್ಬದಲ್ಲಿ ಒಂದು ತಿಂಗಳು ಮುಳುಗಿಸಿಟ್ಟೆ, ಏನೂ ಆಗಲಿಲ್ಲ. ಮೊದಲು ಮುಂದಿನ ಆರ್ಮುಗಳಿಗೆ ಕೊಟ್ಟೆ. ಎರಡು ಮಳೆಗಾಲ ಕಳೆದರೂ ಹೊಸದರಂತಿದ್ದವು. ‘ಮಾಸ್ತರರ ಕೆಂಪು ಬುಶ್’ ಎಂದು ಕೇಳಿಕೊಂಡು ಜನ ಬರತೊಡಗಿದರು. ನನಗೂ ಸ್ವಲ್ಪ ತಲೆ ತಿರುಗಿತು. ಮುಂದಕ್ಕೆ ಒಳ್ಳೆಯದಾದದ್ದು ಹಿಂದಕ್ಕೂ ಒಳ್ಳೆಯದೇ ಎಂದು, ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲನ್ನು ಹಿಡಿಯುವ ಉದ್ದ ಆರ್ಮುಗಳಿಗೂ ಅದನ್ನೇ ತರಿಸಿದೆ.

ಸಾಹೇಬರು ಒಂದನ್ನು ಎತ್ತಿಕೊಂಡು ಉಗುರು ಒತ್ತಿದರು. ಗುರುತೇ ಬೀಳಲಿಲ್ಲ. ಮೂಸಿದರು. ಕೊನೆಗೆ ಅದರ ತೂತಿಗೆ ಬೆರಳು ತೂರಿ ಓರೆಯಾಗಿ ಅಲುಗಿಸಿ ನೋಡಿದರು.

"ಮಾಸ್ತರ್, ಇದು ತಿರುಗ್ತದೆ ಸರಿ. ಮಣೀತದಾ?"

"ಮಣಿಯೋ ಅಗತ್ಯ ಇಲ್ಲ ಸಾಹೇಬ್ರೆ. ಮಣಿಯೋದ್ರಿಂದಲೇ ರಬ್ಬರು ಸಾಯೋದು."

ಎಷ್ಟು ಚಂದದ ಉತ್ತರ! ಸಾಹೇಬರು ಸುಮ್ಮನಾದರು. ಅವರು ಓದಿದವನೆದುರು ಸುಮ್ಮನಾದ ಒಂದೇ ಸಲ ಅದು, ಆಗಬಾರದಿದ್ದ ಸಲ.

ನನಗೆ ಹೊಳೆಯದೆ ಹೋದದ್ದು ಇಷ್ಟೇ. ಮುಂದಿನ ಆರ್ಮು ಏತದ ಮರದಂತೆ ಮೇಲೆ ಕೆಳಗೆ ಮಾತ್ರ ಆಡುತ್ತದೆ. ಅಲ್ಲಿ ಗಟ್ಟಿ ಬುಶ್ ನಡೆಯುತ್ತದೆ. ಹಿಂದಿನದು ಹಾಗಲ್ಲ. ಒಂದು ಚಕ್ರ ಕೊರಕಲಿಗಿಳಿದು ಇನ್ನೊಂದು ದಿಬ್ಬ ಹತ್ತಿದಾಗ ಇಡೀ ಆಕ್ಸಲ್ ಓರೆಯಾಗುತ್ತದೆ, ಅದರೊಂದಿಗೆ ಆ ಉದ್ದ ಆರ್ಮುಗಳೂ ಮೈ ತಿರುಚಿಕೊಳ್ಳಬೇಕು. ರಬ್ಬರು ಆ ತಿರುಚನ್ನು ತಾನು ನುಂಗುತ್ತಿತ್ತು. ಇಲ್ಲವೇ ಎಲ್ಲ ಕಡೆಗೂ ಹೊರಳುವ ಗುಂಡಿನ ಜಾಯಿಂಟಾದರೂ ಇರಬೇಕು. ಗಟ್ಟಿ ಬುಶ್ ಬಿಟ್ಟುಕೊಡುವುದಿಲ್ಲ. ಅದು ಬಿಟ್ಟುಕೊಡದಿದ್ದರೆ ಬೇರೆ ಯಾವುದೋ ಬಿಟ್ಟುಕೊಡಬೇಕು.

ನನ್ನ ನಿವೃತ್ತಿಗೆ ಒಂದು ವರ್ಷ ಬಾಕಿ ಇತ್ತು. ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಮಂಜಪ್ಪ ನಾಯ್ಕರು ನಮ್ಮ ಮನೆಯ ಮುಂದೆ ಜೀಪು ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಗಂಗಮ್ಮ, ಅವರ ಮಡಿಲಿಗೆ ತಾಗಿ ಒಂದು ಹೊಸ ವೆಟ್ ಗ್ರೈಂಡರ್. ಮಾಗೋಡಿನ ಹತ್ತಿರ ಇಳಿಜಾರಿನಲ್ಲಿರುವ ತಂಗಿಯ ಮನೆಗೆ ಅದನ್ನು ಕೊಟ್ಟು ಬರಲು ಹೊರಟಿದ್ದರು.

"ಹಿಂದೂ ಕೆಂಪು ಬುಶ್ ಹಾಕಿ ಎಂಟು ತಿಂಗಳಾಯ್ತು. ನೀವು ಒಂದಿನ ಕುಂತು ನೋಡ್ಬೇಕು ಮಾಸ್ತರ್ರೆ, ಬನ್ನಿ."

ಹೊಗಳಿಕೆ ಕೇಳಲು ಯಾರಿಗೆ ಬೇಡ? ಎಡಗಡೆ ಮುಂದಿನ ಸೀಟಿನಲ್ಲಿ ಕೂತೆ.

ಡಾಂಬರು ಬಿಟ್ಟು ಮಣ್ಣಿನ ದಾರಿಗಿಳಿದೆವು. ಎಡಕ್ಕೆ ಗುಡ್ಡ, ಬಲಕ್ಕೆ ಕಣಿವೆ; ಕೆಳಗೆಲ್ಲೋ ಬೇಡ್ತಿ ಹೊಳೆಯ ಸದ್ದು. ಹಿಂದಿನ ಮಳೆ ಕೊರೆದ ಕಾಲುವೆ ದಾರಿಯ ನಡುವೆ ಓರೆಯಾಗಿ ಹಾದುಹೋಗಿತ್ತು. "ನೋಡಿ ಈಗ," ಎಂದರು ನಾಯ್ಕರು. ಎಡಗಡೆಯ ಹಿಂದಿನ ಚಕ್ರ ಕಾಲುವೆಗಿಳಿಯಿತು, ಬಲಗಡೆಯದು ದಿಬ್ಬ ಹತ್ತಿತು.

ಟಣ್ ಎಂದಿತು. ದೇವಸ್ಥಾನದ ಗಂಟೆಗೆ ಕಲ್ಲಿನಿಂದ ಹೊಡೆದ ಹಾಗೆ.

ಜೀಪಿನ ಹಿಂಭಾಗ ತನ್ನಷ್ಟಕ್ಕೆ ಬಲಕ್ಕೆ ನಡೆಯತೊಡಗಿತು. ಬೇಗವಲ್ಲ, ಯಾರೋ ಹಿಂದಿನಿಂದ ಹಿಡಿದು ಸರಿಸುತ್ತಿರುವ ಹಾಗೆ. ನಾಯ್ಕರು ಸ್ಟೀರಿಂಗ್ ತಿರುಗಿಸುತ್ತಿದ್ದರು, ಅದಕ್ಕೂ ಗಾಡಿಗೂ ಸಂಬಂಧವೇ ಇರಲಿಲ್ಲ. ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಈಗಲೂ ಊಟಕ್ಕೆ ಕೂತಾಗ, ಬಸ್ಸಿನಲ್ಲಿ, ಕ್ಷೌರದ ಅಂಗಡಿಯ ಕುರ್ಚಿಯಲ್ಲಿ, ಆ ಕಾಲು ಇದ್ದಕ್ಕಿದ್ದಂತೆ ಒತ್ತುತ್ತದೆ. ಆಮೇಲೆ ಹಿಂದೆ ಬಲಕ್ಕೆ ಏನೋ ಬಡಿದು ಗಾಡಿ ನಿಂತಿತು. ಅದು ಯಾರೋ ಯಾವಾಗಲೋ ಕಡಿದು ಬಿಟ್ಟಿದ್ದ ಮತ್ತಿಮರದ ಬೊಡ್ಡೆ ಎಂದು ಗೊತ್ತಾದದ್ದು ಆಮೇಲೆ. ಬಲಗಡೆಯ ಹಿಂದಿನ ಚಕ್ರದ ಅರ್ಧ ದಾರಿಯ ಆಚೆಗಿತ್ತು.

ಗಂಗಮ್ಮನೇ ಮೊದಲು ಕೇಳಿದ್ದು, ಊಟಕ್ಕೆ ಎಷ್ಟು ಜನ ಎಂದು ಕೇಳುವ ದನಿಯಲ್ಲಿ: "ಇಳೀಬೇಕಾ, ಕುಂತಿರ್ಬೇಕಾ?"

ನನ್ನ ಕೈ ಆಗಲೇ ಬಾಗಿಲಿನ ಹಿಡಿಕೆಯ ಮೇಲಿತ್ತು. ಇದನ್ನು ಮುಚ್ಚಿಡಬಾರದೆಂದೇ ಇಷ್ಟೆಲ್ಲ ಬರೆಯಲು ಕೂತದ್ದು. ಗುಡ್ಡದ ಕಡೆ ಇದ್ದವನು ನಾನು. ಒಂದು ಹೆಜ್ಜೆ ಇಟ್ಟರೆ ನೆಲ.

"ಮಾಸ್ತರ್ರೆ," ಎಂದರು ನಾಯ್ಕರು, ತಲೆ ತಿರುಗಿಸದೆ, ಮೆಲ್ಲಗೆ. "ನೀವು ಇಳೀಬೇಡಿ. ನೀವು ಆ ಕಡೆ ಭಾರ. ನೀವು ಇಳಿದ್ರೆ ನಾವು ಹೋಗ್ತೇವು."

ಫಿಸಿಕ್ಸ್ ಓದಿದ ನನಗೆ ಇದನ್ನು ಗದ್ದೆ ಮಾಡುವವರು ಹೇಳಬೇಕಾಯಿತು. ಹಿಡಿಕೆ ಬಿಟ್ಟೆ. ನಾಯ್ಕರು ಇಂಜಿನ್ ನಿಲ್ಲಿಸಿ, ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲನ್ನು ಬ್ರೇಕಿನಿಂದ ಕೂದಲೆಳೆಯಷ್ಟು ಸಡಿಲಿಸಿದರು. ಗಾಡಿ ಒಂದು ಗೇಣು ಜರುಗಿತು. ನಿಂತಿತು. ಗಂಗಮ್ಮ ಎಡಗಡೆಯ ತಾಡಪತ್ರಿ ಬಿಚ್ಚಿಕೊಂಡು ಗುಡ್ಡದ ಕಡೆಗೆ ಇಳಿದರು.

"ಗ್ರೈಂಡರ್ರು?" ಎಂದರು ಕೆಳಗೆ ನಿಂತು.

"ಅದು ಇರ್ಲೇ, ಮಾರಾಯ್ತಿ! ಅದೂ ಭಾರವೇಯ!"

ಆಮೇಲೆ ನಾಯ್ಕರು ಗೇರಿನ ಕೋಲು ದಾಟಿ, ನನ್ನ ತೊಡೆಯ ಮೇಲಿಂದ ತೆವಳಿಕೊಂಡು ಹೊರಗೆ ಹೋದರು. ಅವರ ಮೊಣಕೈ ನನ್ನ ಹೊಟ್ಟೆಗೆ ನಾಟಿತ್ತು, ಆ ನೋವು ಎಷ್ಟು ಹಿತವಾಗಿತ್ತು ಎಂದು ಹೇಳಲಾರೆ. ಅಷ್ಟು ಹೊತ್ತು ಜೀಪಿನೊಳಗೆ ನಾನೊಬ್ಬನೇ ಅಲ್ಲವಲ್ಲ. ಕೊನೆಗೆ ಇಬ್ಬರೂ ಗಾಡಿಯ ಎಡ ಅಂಚಿಗೆ ಜೋತುಬಿದ್ದು ಭಾರ ಕೊಟ್ಟರು, ನಾನು ಇಳಿದೆ. ಇಳಿದವನು ನಿಲ್ಲಲಿಲ್ಲ, ಹಾಗೇ ಮಣ್ಣಿನಲ್ಲಿ ಕೂತೆ.

ನಾಯ್ಕರು ಬೀಡಿ ಹಚ್ಚಲು ನೋಡಿದರು. ಮೂರು ಕಡ್ಡಿ ಹಾಳಾದವು. "ಮಾಸ್ತರ್ರೆ, ಈ ಸದ್ದಿಗೆ ನಿಮ್ಮ ಪಟ್ಟೀಲಿ ಹೆಸರೆಂತ?" ಎಂದರು.

ಮಧ್ಯಾಹ್ನ ಯಲ್ಲಾಪುರದಿಂದ ರಜಾಕ್ ಬಂದ. ಹಗ್ಗ ಕಟ್ಟಿ ಗಾಡಿಯನ್ನು ದಾರಿಗೆ ಎಳೆಸಿ, ಅಡಿಗೆ ಮಲಗಿದ. ಬಹಳ ಹೊತ್ತು ಎದ್ದು ಬರಲಿಲ್ಲ.

"ಬುಶ್ಶಿಗೆ ಏನೂ ಆಗಿಲ್ಲ ಮಾಸ್ತರ್," ಎಂದ. "ಅದೇ ತೊಂದ್ರೆ."

ಬಗ್ಗಿ ನೋಡಿದೆ. ಎಡಗಡೆಯ ಉದ್ದ ಆರ್ಮಿನ ತುದಿಯಲ್ಲಿ ಕೆಂಪು ಬುಶ್ ಹೊಳೆಯುತ್ತಿತ್ತು, ಒಂದು ಗೀರೂ ಇಲ್ಲ. ಅದನ್ನು ಹಿಡಿದಿದ್ದ ಚಾಸಿಯ ಬ್ರಾಕೆಟ್ಟು ಡಬ್ಬದ ಮುಚ್ಚಳದಂತೆ ಹರಿದು ಬಂದಿತ್ತು.

ಮನೆಗೆ ಹೋದಾಗ ಹೆಂಡತಿ, "ಮುಖ ಎಂತಕ್ಕೆ ಹೀಂಗಾಯ್ದು?" ಎಂದಳು. "ಎಂತೂ ಇಲ್ಲೆ," ಎಂದೆ. ರಾತ್ರಿಯಿಡೀ ನನ್ನನ್ನು ಕಾಡಿದ್ದು ಆ ಜೀಪಲ್ಲ. ಹಿಂದಿನ ಆರ್ಮಿಗೆ ಕೆಂಪು ಬುಶ್ ಕೊಟ್ಟದ್ದು ನಾಯ್ಕರೊಬ್ಬರಿಗೇ ಅಲ್ಲ. ಉಳಿದ ಜೀಪುಗಳಲ್ಲಿ ಯಾರು ಯಾರು ಕೂತು ಎಲ್ಲೆಲ್ಲಿ ಇಳಿಯುತ್ತಿದ್ದಾರೋ!

ಬೆಳಿಗ್ಗೆ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡೆ. ಅವರು ರಟ್ಟಿನ ಪೆಟ್ಟಿಗೆಯೊಂದರ ಮುಚ್ಚಳ ಹರಿದು ನನ್ನ ಮುಂದಿಟ್ಟರು.

"ಹೆಸರು ಬರೀರಿ. ನೆನಪಿಗೆ ಬಂದಷ್ಟು."

"ನೀವು ಅವತ್ತೇ ಕೇಳಿದ್ರಿ ಸಾಹೇಬ್ರೆ, ಮಣೀತದಾ ಅಂತ."

"ಕೇಳಿ ಸುಮ್ಮನಾದೆನಲ್ಲ, ಅರ್ಧ ತಪ್ಪು ನಂದು. ಬರೀರಿ ಬರೀರಿ, ಅಳೋದು ಆಮೇಲೆ."

ಹನ್ನೆರಡು ಜೀಪುಗಳು. ನಾಯ್ಕರದ್ದು ಬಿಟ್ಟು ಹನ್ನೊಂದು. ಹೆಸರು ಗೊತ್ತಿಲ್ಲದವರನ್ನು ಮುಖ, ಊರು, ಜಗಳಗಳಿಂದ ನೆನಪಿಸಿಕೊಂಡೆವು. ‘ಹಲ್ಲುಕಡ್ಡಿ ಕಚ್ಚಿಕೊಂಡೇ ಮಾತಾಡುವವನು’, ‘ತಿರುಗಿ ಬಂದು ನಟ್ಟು ಬದಲಿಸಿಕೊಂಡವನು’. ಮನೆಮನೆಗೆ ಹೋಗಿ ಹೇಳಿಬರಲು ಸಾಹೇಬರು ನನಗೆ ತಮ್ಮ ಸ್ಕೂಟರು ಕೊಟ್ಟರು. ರಜಾಕನಿಗೆ ರಬ್ಬರ್ ಬುಶ್‌ಗಳನ್ನು ಕಳಿಸಿ, ಬಂದವರಿಗೆಲ್ಲ ದುಡ್ಡು ಕೇಳದೆ ಹಾಕಿಕೊಡು ಎಂದರು.

ಕೊಟ್ಟ ವಸ್ತು ಚೆನ್ನಾಗಿಲ್ಲ ಎಂದು ಅಂಗಡಿಯವನೇ ಮನೆಗೆ ಬಂದು ಹೇಳಿದರೆ ನಮ್ಮ ಜನ ನಂಬುವುದಿಲ್ಲ. ಇವನಿಗೆ ಏನೋ ಲಾಭವಿದೆ ಎಂದೇ ಲೆಕ್ಕ. ಸ್ವರ್ಣವಲ್ಲಿಯ ಕಡೆಯ ಒಬ್ಬ ಹೆಗಡೆಯವರು ಜಗುಲಿಯಲ್ಲಿ ಕೂರಿಸಿ ಎಲೆಯಡಿಕೆ ಕವಳದ ತಟ್ಟೆ ಮುಂದಿಟ್ಟೇ ಜಗಳ ತೆಗೆದರು.

"ಗಟ್ಟಿ ಇದ್ದು ಹೇಳಿ ನೀನೇ ಅಲ್ದ ಕೊಟ್ಟಿದ್ದು? ಈಗ ಗಟ್ಟಿ ಇಪ್ಪದೇ ತಪ್ಪು ಅಂದ್ರೆ ಆನು ಎಂತ ಮಾಡವು? ಆನು ತೆಗೆಸ್ತ್ನಿಲ್ಲೆ."

ತೆಗೆಸಲು ಅವರು ಒಪ್ಪದಿದ್ದಾಗ ನಾನು ಅಂಗಳದಲ್ಲಿದ್ದ ಅವರ ಜೀಪಿನ ಅಡಿಗೆ ಪಂಚೆ ಉಟ್ಟುಕೊಂಡೇ ನುಗ್ಗಿದೆ. ಬ್ರಾಕೆಟ್ಟಿನ ಬೆಸುಗೆಯ ಪಕ್ಕದ ಕೆಸರನ್ನು ಉಗುರಿನಿಂದ ಕೆರೆದಾಗ ಕೂದಲಿನಷ್ಟು ಸಣ್ಣ ಬಿರುಕು ಕಂಡಿತು. ಹೆಗಡೆಯವರನ್ನೂ ಅಡಿಗೆ ಕರೆದು ತೋರಿಸಿದೆ. ಇಬ್ಬರು ವಯಸ್ಸಾದವರು ಜೀಪಿನ ಅಡಿ ಅಕ್ಕಪಕ್ಕ ಮಲಗಿರುವುದನ್ನು ಕಂಡು ಅವರ ಮನೆಯ ನಾಯಿಯೂ ಬಂದು ಮಲಗಿತು.

"ನಾಳೆ ಅಕ್ಕನ ಮನೆಯವೆಲ್ಲ ಇದ್ರಲ್ಲೇ ಹೊರಟಿದ್ದ," ಎಂದರು ಅವರು, ಎದ್ದು ಬರುವ ಮೊದಲು. ಆಮೇಲೆ ತಾವೇ ಯಲ್ಲಾಪುರಕ್ಕೆ, ಗಂಟೆಗೆ ಹದಿನೈದು ಕಿಲೋಮೀಟರಿನ ವೇಗದಲ್ಲಿ ಹೋದರಂತೆ.

ಇನ್ನೂ ಮೂರರಲ್ಲಿ ಅಂಥದೇ ಬಿರುಕು ಸಿಕ್ಕಿತು. ಒಂದೊಂದು ಸಿಕ್ಕಾಗಲೂ ಆ ಟಣ್ ಸದ್ದು ನನಗೆ ಮತ್ತೊಮ್ಮೆ ಕೇಳಿಸುತ್ತಿತ್ತು. ನಾಯ್ಕರ ಜೀಪಿಗೆ ಹೊಸ ಬ್ರಾಕೆಟ್ಟು ಬೆಸೆದು ರಬ್ಬರ್ ಹಾಕಿದ ಮೇಲೂ ಗಂಗಮ್ಮ ಹತ್ತಲೊಪ್ಪಲಿಲ್ಲ. "ಮಾಸ್ತರು ಮೊದಲು ಹತ್ಲಿ" ಎಂದರು. ಹತ್ತಿದೆ. ಅದೇ ದಾರಿಯಲ್ಲಿ, ಅದೇ ಸೀಟಿನಲ್ಲಿ. ಕಾಲುವೆ ದಾಟುವಾಗ ಕಣ್ಣು ಮುಚ್ಚಿಕೊಂಡಿದ್ದೆ. ಹಿಂದಿನಿಂದ ಗಂಗಮ್ಮ, "ಕಣ್ಣು ಬಿಟ್ಟು ಕುಂತ್ರೆ ಮಾತ್ರ ಲೆಕ್ಕ," ಎಂದರು.

ಹತ್ತು ಸಿಕ್ಕವು. ಹನ್ನೊಂದನೆಯದು ಸಿಗಲಿಲ್ಲ. ಆತ ಒಂದೇ ಸಲ ಬಂದವನು. ಬಿಳಿಯ ಜೀಪು, ಹಿಂದಿನ ಸೀಟಿನಲ್ಲಿ ಕೂತೇ ಇದ್ದ ತಾಯಿ, "ಲಗೂನ ಕೊಡ್ರಿ" ಎಂದ ಮಾತು ಇಷ್ಟೇ ನೆನಪು. ಮಾತಿನ ಧಾಟಿಯಿಂದ ಮೂಡಣ ಸೀಮೆಯವನೆಂದು ತಿಳಿದೆ. ಅಷ್ಟರಲ್ಲಿ ನಿವೃತ್ತಿಯಾಯಿತು; ಹಾರ ಹಾಕಿಸಿಕೊಂಡು ಮನೆಗೆ ಬಂದವನು ಮಾರನೆಯ ದಿನದಿಂದ ಬಿಳಿಯ ಜೀಪು ಕಂಡಲ್ಲೆಲ್ಲ ಬಗ್ಗಿ ಅಡಿ ನೋಡತೊಡಗಿದೆ. ಶಿರಸಿ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬಾಕೆ, "ಏನ್ ಕಳ್ಕಂಡ್ರಿ ಅಜ್ಜಾ?" ಎಂದು ತಾನೂ ಬಗ್ಗಿ ಹುಡುಕಿದಳು.

ಕೊನೆಗೆ ಯಲ್ಲಾಪುರ ತಾಲೂಕಿನ ಮೂಡು ಅಂಚಿನ ಕಿರವತ್ತಿಯಲ್ಲಿ, ಟಯರು ಅಂಗಡಿಯವನನ್ನು ಕೇಳಿದಾಗ, ತಾಯಿಯನ್ನು ಹಿಂದೆ ಕೂರಿಸಿಕೊಂಡು ತಿರುಗುವ ಬಿಳಿ ಜೀಪಿನವನ ಮನೆ ತೋರಿಸಿದ. ಅಂಗಳದಲ್ಲಿ ಜೀಪು ಇತ್ತು. ಇದ್ದಾರೆ, ಇಬ್ಬರೂ ಇದ್ದಾರೆ. ತಾಯಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು.

"ಬರ್ರಿ, ಕುಂದರ್ರಿ," ಎಂದ ಮಗ. ನಾನು ಕೂರಲಿಲ್ಲ. ಕೆಂಪು ಬುಶ್, ಬ್ರಾಕೆಟ್ಟು, ಮಾಗೋಡು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಈಗಲೇ ಗಾಡಿಯನ್ನು ರಜಾಕನ ಹತ್ತಿರ ಒಯ್ಯಬೇಕು ಎಂದೆ.

ಅವನು ತಲೆ ಕೆರೆದುಕೊಂಡ. "ಅವು ಎಲ್ಲದಾವ್ರಿ ಈಗ? ನಿಮ್ಮ ಬುಶ್ ಹಾಕಿದ ಮ್ಯಾಲೆ ಗಾಡಿ ಕಿರ್ರ್ ಕಿರ್ರ್ ಅನ್ನಾಕ ಹತ್ತಿತ್ರಿ. ನಮ್ಮವ್ವ, ಗಾಡಿಗೆ ಹಂದಿಮರಿ ಕಟ್ಟೀಯೇನೋ ಅಂದ್ಳು. ಎಂಟ ದಿನಕ್ಕ ಹುಬ್ಬಳ್ಳಿಗೆ ಹೋಗಿ ರಬ್ಬರ್ ಹಾಕಿಸಿಬಿಟ್ಟೆ."

ಎಂಟು ದಿನ. ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ ಅವರನ್ನು ದಿನಕ್ಕೊಂದು ಕಣಿವೆಗೆ ಉರುಳಿಸಿ ಎಬ್ಬಿಸಿದ್ದೆ.

ನಂಬಿದೆ. ಆದರೂ ಅಡಿಗೆ ಹೋಗಿ ನೋಡಿದೆ. ರಬ್ಬರೇ ಇತ್ತು, ಬೆಸುಗೆ ಸರಿಯಿತ್ತು. ನಾಲ್ಕು ಬೋಲ್ಟುಗಳನ್ನೂ ಮುಟ್ಟಿ ನೋಡಿ ಅಲ್ಲೇ ಸ್ವಲ್ಪ ಹೊತ್ತು ಮಲಗಿದ್ದೆ. ಮುಖ ಒರೆಸಿಕೊಳ್ಳಲು ಅದೇ ಅನುಕೂಲದ ಜಾಗ.

ಹೊರಗೆ ಬಂದು, ಆ ಹಳೆಯ ಬುಶ್‌ಗಳಿದ್ದರೆ ಕೊಡಿ, ಒಯ್ಯುತ್ತೇನೆ ಎಂದೆ. ಮೂರನ್ನು ಎಸೆದಾಗಿತ್ತು. ಒಂದು ಮಾತ್ರ ಮುಂಬಾಗಿಲ ಸಂದಿಯಲ್ಲಿ ನೆಲದ ಮೇಲಿತ್ತು, ಕೆಂಪಗೆ. ಎತ್ತಿಕೊಳ್ಳಲು ಬಗ್ಗಿದೆ.

"ಅದನ್ನ ಮುಟ್ಟಬ್ಯಾಡೋ ಎಪ್ಪಾ," ಎಂದಳು ತಾಯಿ. "ಗಾಳಿಗೆ ಬಾಗಲಾ ದಪ್ ದಪ್ ಬಡೀತಿತ್ತು. ಅದನ್ನ ಇಟ್ಟ ಮ್ಯಾಲೆ ಒಂದ ದಿನಾ ಸಪ್ಪಳಾಗಿಲ್ಲ."

ಎತ್ತಲಿಲ್ಲ. ಬಾಗಿಲನ್ನು ಒಮ್ಮೆ ತಳ್ಳಿ ನೋಡಿದೆ. ಬುಶ್ಶಿಗೆ ತಾಗಿ ಮೆತ್ತಗೆ ನಿಂತಿತು. ಮೂವತ್ತೊಂದು ವರ್ಷ ನಾನು ಆರಿಸಿಕೊಟ್ಟದ್ದರಲ್ಲಿ ಯಾರೂ ದೂರದೆ ಮೆಚ್ಚಿಕೊಂಡದ್ದು ಅದೊಂದನ್ನೇ. ಅಳತೆಯೂ ಸರಿಯಾಗಿತ್ತು.